ಒಂದು ಗಂಟೆಯ ಹಾರಾಟ, ಆರು ಗಂಟೆಯ ಪ್ರಯಾಣ

ಸಿಂಗಪುರದ ವಸ್ತುಪ್ರದರ್ಶನಗಳಿಗೂ ಖರೀದಿದಾರರ ಭೇಟಿಗೂ ಹೋಗುವ ನಮ್ಮ ಸದಸ್ಯರಲ್ಲಿ ಅನೇಕರು, ಹೇಗೂ ಅಷ್ಟು ದೂರ ಹೋಗಿದ್ದೇವೆ, ಕ್ವಾಲಾಲಂಪುರಕ್ಕೂ ಒಮ್ಮೆ ಹೋಗಿಬರೋಣ ಎಂದು ಯೋಚಿಸುವುದು ಸಹಜವೇ ಆಗಿದೆ. ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಎಂದು ಪ್ರವಾಸ ಏಜೆಂಟರನ್ನು ಕೇಳಿದರೆ ದೊರೆಯುವ ಉತ್ತರ ಒಂದೇ: ಮುನ್ನೂರು ಕಿಲೋಮೀಟರು, ಒಂದು ಗಂಟೆಯ ಹಾರಾಟ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ನಂಬಿ ಖರೀದಿದಾರನಿಗೆ ಸಮಯ ಕೊಟ್ಟ ವ್ಯಾಪಾರಿ ಮಾತು ತಪ್ಪುವುದು ಬಹುಮಟ್ಟಿಗೆ ಖಚಿತ. ವಿಮಾನದ ವೇಳಾಪಟ್ಟಿಯಲ್ಲಿ ಅಚ್ಚಾಗುವ ಅವಧಿ ವಿಮಾನಕ್ಕೆ ಸಂಬಂಧಿಸಿದ್ದೇ ಹೊರತು ಪ್ರಯಾಣಿಕನಿಗೆ ಸಂಬಂಧಿಸಿದ್ದಲ್ಲ. ನಮ್ಮ ಸಣ್ಣ ಉದ್ದಿಮೆದಾರರು ಪ್ರವಾಸದ ಯೋಜನೆ ಹಾಕುವಾಗ ಒಂದು ಕಾರ್ಖಾನೆಯ ಬಾಗಿಲಿನಿಂದ ಇನ್ನೊಂದು ಕಾರ್ಖಾನೆಯ ಬಾಗಿಲಿನವರೆಗಿನ ವೇಳೆಯನ್ನು ಮಾತ್ರವೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಪುಸ್ತಕ ಓದಿ ಅಲ್ಲ, ನಷ್ಟ ಅನುಭವಿಸಿ.

2012ರಲ್ಲಿ, ಒಂದು ಶುಕ್ರವಾರ, ಸಿಂಗಪುರದ ಪಶ್ಚಿಮ ತುದಿಯಲ್ಲಿರುವ ಜುರಾಂಗ್ ಕೈಗಾರಿಕಾ ಪ್ರದೇಶದಲ್ಲಿ ಬೆಳಗ್ಗೆ 10 ಗಂಟೆಗೆ ನನಗೆ ಒಂದು ಭೇಟಿ ನಿಗದಿಯಾಗಿತ್ತು. ಅದೇ ದಿನ ಸಂಜೆ 4-30ಕ್ಕೆ ಮಲೇಷ್ಯಾದ ಷಾ ಆಲಂನಲ್ಲಿ ಮತ್ತೊಬ್ಬ ಖರೀದಿದಾರರಿಗೆ ಬರುವುದಾಗಿ ಒಪ್ಪಿಕೊಂಡಿದ್ದೆ. ಪೀಣ್ಯದ ನಮ್ಮ ಘಟಕದಲ್ಲಿ ತಯಾರಾಗುವ ಹಿತ್ತಾಳೆಯ ವಾಲ್ವ್ ಭಾಗಗಳ ಮಾದರಿಗಳು ಕೈಯಲ್ಲಿದ್ದವು. ಆರು ಗಂಟೆಗಳ ಅಂತರವಿದೆ, ಹಾರಾಟ ಒಂದೇ ಗಂಟೆ, ಊಟಕ್ಕೂ ಸಮಯ ಸಿಕ್ಕೀತು ಎಂದು ಭಾವಿಸಿದ್ದೆ. ಜುರಾಂಗ್‌ನಿಂದ ಟ್ಯಾಕ್ಸಿ ಹೊರಟಾಗ 11-45. ಚಾಂಗಿ ವಿಮಾನ ನಿಲ್ದಾಣ ದ್ವೀಪದ ಪೂರ್ವ ತುದಿಯಲ್ಲಿದೆ. ಅಲ್ಲಿಗೆ ಮುಟ್ಟಿದಾಗ 12-30. ವಿಮಾನದ ವೇಳೆ 2-05. ಮಧ್ಯಾಹ್ನದ ಗುಡುಗು ಮಳೆ ಆ ಭಾಗದಲ್ಲಿ ನಿತ್ಯದ ಸಂಗತಿ. ಅಂದೂ ಬಂದಿತು, ವಿಮಾನ ಜಾಗ ಬಿಟ್ಟದ್ದು 2-45ಕ್ಕೆ. 3-50ಕ್ಕೆ ಸೆಪಾಂಗ್‌ನಲ್ಲಿ ಬಾಗಿಲು ತೆರೆಯಿತು. ವಲಸೆ ತಪಾಸಣೆಯ ಸಾಲು, ಮಾದರಿಗಳ ಪೆಟ್ಟಿಗೆಗಾಗಿ ಕಾಯುವುದು, ಕಸ್ಟಮ್ಸ್‌ನವರಿಗೆ ಪೆಟ್ಟಿಗೆ ಬಿಚ್ಚಿ ತೋರಿಸುವುದು ಇವೆಲ್ಲ ಮುಗಿದು ಹೊರಬಂದಾಗ 4-50. ಶುಕ್ರವಾರದ ಸಂಜೆಯ ವಾಹನಗಳ ನಡುವೆ ಷಾ ಆಲಂ ತಲುಪಿದಾಗ 5-55. ಖರೀದಿ ವಿಭಾಗದ ಮುಖ್ಯಸ್ಥರು ಮನೆಗೆ ಹೋಗಿದ್ದರು. ಕಾವಲುಗಾರ ಮಾತ್ರ ವಿನಯದಿಂದ ಕುರ್ಚಿ ತೋರಿಸಿದ.

ಒಟ್ಟು ಆರು ಗಂಟೆ ಹತ್ತು ನಿಮಿಷ. ಇದರಲ್ಲಿ ವಿಮಾನ ನೆಲ ಬಿಟ್ಟು ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆ, ಎಂದರೆ ಎಂಟರಲ್ಲಿ ಒಂದು ಪಾಲು. ಮರುವಾರ ಆ ಸಂಸ್ಥೆಯವರು ಪ್ರಾಯೋಗಿಕ ಬೇಡಿಕೆಯನ್ನು ಬೇರೆಯವರಿಗೆ ಕೊಟ್ಟರು. ಅದಕ್ಕೆ ನನ್ನ ತಡವೊಂದೇ ಕಾರಣವೆಂದು ಹೇಳಲಾರೆ, ನಮ್ಮ ಬೆಲೆಯೂ ತುಸು ಹೆಚ್ಚಿತ್ತು. ಆದರೆ ಬೆಲೆಯ ಮಾತನ್ನು ಎದುರು ಕುಳಿತು ಆಡುವ ಅವಕಾಶವೇ ನನಗೆ ದೊರೆಯಲಿಲ್ಲ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಲೆಕ್ಕ ನನ್ನದು, ತಪ್ಪೂ ನನ್ನದು.

ಊರಿಗೆ ಮರಳಿದ ಮೇಲೆ ಭೂಪಟ ಹಿಡಿದು ಕುಳಿತಾಗ ಕೆಲವು ಸ್ವಾರಸ್ಯಕರ ಸಂಗತಿಗಳು ತಿಳಿದುಬಂದವು. ಈ ಎರಡು ನಗರಗಳ ನಡುವಿನ ದೂರ ಎಂದು ಹೇಳಲಾಗುವ ಅಂಕಿ ಒಂದಲ್ಲ, ಮೂರು. ನಗರದ ಮಧ್ಯಭಾಗದಿಂದ ಮಧ್ಯಭಾಗಕ್ಕೆ ನೇರ ಗೆರೆ ಎಳೆದರೆ ಸುಮಾರು 315 ಕಿ.ಮೀ. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಸುಮಾರು 297 ಕಿ.ಮೀ., ವೈಮಾನಿಕರ ಲೆಕ್ಕದಲ್ಲಿ 160 ನಾಟಿಕಲ್ ಮೈಲಿ. ರಸ್ತೆಯ ಮೇಲೆ ಸುಮಾರು 350 ಕಿ.ಮೀ. ನಗರಗಳ ಅಂತರಕ್ಕಿಂತ ನಿಲ್ದಾಣಗಳ ಅಂತರ ಕಡಿಮೆಯಾಗಲು ಕಾರಣವೇನೆಂದರೆ, ಕ್ವಾಲಾಲಂಪುರದ ವಿಮಾನ ನಿಲ್ದಾಣ ಊರಿನ ದಕ್ಷಿಣಕ್ಕೆ, ಸಿಂಗಪುರದ ದಿಕ್ಕಿನಲ್ಲಿಯೇ ಬಹುದೂರ ಸರಿದು ಸೆಪಾಂಗ್‌ನಲ್ಲಿದೆ. ವಿಮಾನ ಬೇಗ ಇಳಿದುಬಿಡುತ್ತದೆ. ಉಳಿದ ದಾರಿಯನ್ನು ಪ್ರಯಾಣಿಕ ನೆಲದ ಮೇಲೆ ಸವೆಸಬೇಕು.

1998ರ ಜೂನ್‌ವರೆಗೆ ಹೀಗಿರಲಿಲ್ಲ. ಆಗ ನಿಲ್ದಾಣವಿದ್ದುದು ಸುಬಾಂಗ್‌ನಲ್ಲಿ, ಊರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ. ಚಾಂಗಿಯಿಂದ ಸುಬಾಂಗ್‌ಗೆ ನೇರ ಗೆರೆಯಲ್ಲಿ ಸುಮಾರು 335 ಕಿ.ಮೀ. ಸೆಪಾಂಗ್‌ನ ಹೊಸ ನಿಲ್ದಾಣ ಆರಂಭವಾದಾಗ ಆಕಾಶದ ದೂರ ಸುಮಾರು 40 ಕಿ.ಮೀ. ಕಡಿಮೆಯಾಯಿತು, ನೆಲದ ದೂರ ಅಷ್ಟೇ ಹೆಚ್ಚಾಯಿತು. ಜೆಟ್ ವಿಮಾನಕ್ಕೆ 40 ಕಿ.ಮೀ. ಎಂದರೆ ಮೂರು ನಾಲ್ಕು ನಿಮಿಷ. ಟ್ಯಾಕ್ಸಿಗೆ ಅದೇ ದೂರ ಮುಕ್ಕಾಲು ಗಂಟೆ. ಪಟ್ಟಿಯ ಪ್ರಕಾರ ಊರುಗಳು ಹತ್ತಿರವಾದವು, ವ್ಯಾಪಾರಿಗೆ ದೂರವಾದವು. 2002ರ ಏಪ್ರಿಲ್‌ನಲ್ಲಿ ಸೆಪಾಂಗ್‌ನಿಂದ ನಗರದ ಮುಖ್ಯ ರೈಲು ನಿಲ್ದಾಣಕ್ಕೆ 57 ಕಿ.ಮೀ. ದಾರಿಯನ್ನು 28 ನಿಮಿಷಗಳಲ್ಲಿ ಕ್ರಮಿಸುವ ವೇಗದ ರೈಲು ಬಂದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿತು ಎಂಬುದನ್ನು ಒಪ್ಪಲೇಬೇಕು. ಆದರೆ ಕಾರ್ಖಾನೆಗಳಿರುವುದು ರೈಲು ನಿಲ್ದಾಣದ ಮುಂದೆ ಅಲ್ಲವಷ್ಟೆ. ಷಾ ಆಲಂಗೆ, ಕ್ಲಾಂಗ್‌ಗೆ ಹೋಗುವವನು ರೈಲು ಹತ್ತಿದರೆ ನಗರಕ್ಕೆ ಹೋಗಿ ಹಿಂದಕ್ಕೆ ಬಂದಂತಾಗುತ್ತದೆ.

2008ರ ಮೇ 24ರಂದು ಬೆಂಗಳೂರಿನ ನಾಗರಿಕ ವಿಮಾನಗಳು ಎಚ್.ಎ.ಎಲ್. ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದದ್ದನ್ನು ಕಂಡ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಹಾರಾಟದ ಅವಧಿಯ ವಿಚಾರ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ವೇಗದಲ್ಲಿ ಹೋಗುವುದಾದರೆ 300 ಕಿ.ಮೀ.ಗೆ 23 ನಿಮಿಷ ಸಾಕಲ್ಲವೇ, ಒಂದು ಗಂಟೆ ಏಕೆ ಎಂದು ಒಬ್ಬ ಸದಸ್ಯ ಮಿತ್ರರು ನನ್ನನ್ನು ಕೇಳಿದ್ದುಂಟು. ಇಷ್ಟು ಚಿಕ್ಕ ಹಾದಿಯಲ್ಲಿ ವಿಮಾನ ಪೂರ್ಣ ವೇಗದಲ್ಲಿ ಹೋಗುವುದೇ ಕೆಲವು ನಿಮಿಷ ಮಾತ್ರ. ಏರುವುದು ಮುಗಿಯುತ್ತಿದ್ದಂತೆಯೇ ಇಳಿಯುವುದು ಆರಂಭವಾಗುತ್ತದೆ. ಅಲ್ಲದೆ ವೇಳಾಪಟ್ಟಿಯ ಅವಧಿಯನ್ನು ವಿಮಾನ ನಿಂತ ಜಾಗದಿಂದ ಚಕ್ರ ಉರುಳಿದ ಕ್ಷಣದಿಂದ ಆ ಕಡೆ ನಿಂತು ಚಕ್ರಕ್ಕೆ ಅಡ್ಡೆ ಕೊಡುವವರೆಗೆ ಅಳೆಯುತ್ತಾರೆ. ರನ್‌ವೇಯವರೆಗೆ ಉರುಳುವುದು, ಮುಂದಿನ ವಿಮಾನಗಳಿಗಾಗಿ ಕಾಯುವುದು, ಇಳಿಯಲು ಸರದಿಗಾಗಿ ಸುತ್ತುವುದು ಇವೆಲ್ಲ ಅದರಲ್ಲಿ ಸೇರಿವೆ. ತಡವಾದೀತೆಂದು ಕಂಪನಿಗಳು ಮೊದಲೇ ಸೇರಿಸುವ ಒಂದಿಷ್ಟು ಹೆಚ್ಚುವರಿಯೂ ಇದೆ. ಹೀಗಾಗಿ ಈ ಹಾದಿಯ ಅವಧಿಯನ್ನು ಒಂದು ಗಂಟೆಯಿಂದ ಒಂದೂಕಾಲು ಗಂಟೆ ಎಂದು ಅಚ್ಚು ಹಾಕುತ್ತಾರೆ. ವಿಮಾನ ಎಷ್ಟೇ ಸುಧಾರಿಸಿದರೂ ಇದರಲ್ಲಿ ಉಳಿಸಬಹುದಾದದ್ದು ಐದು ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ. ಉಳಿಸುವುದಿದ್ದರೆ ಹಾರಾಟದ ಹಿಂದೆ ಮುಂದೆ ಇರುವ ನಾಲ್ಕೈದು ಗಂಟೆಗಳಲ್ಲಿ ಉಳಿಸಬೇಕು.

ಇದನ್ನು ನಮ್ಮ ನೆಲದ ಒಂದು ಹಾದಿಯೊಡನೆ ಹೋಲಿಸಿ ನೋಡಬಹುದು. ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ಅಂತರವೂ ಸುಮಾರು 300 ಕಿ.ಮೀ., ರಸ್ತೆಯೂ ಸುಮಾರು 350 ಕಿ.ಮೀ., ಹಾರಾಟವೂ ಒಂದು ಗಂಟೆಯ ಆಸುಪಾಸು. ನಮ್ಮಲ್ಲಿ ಅಡ್ಡ ಬರುವುದು ಘಾಟಿ. ಅಲ್ಲಿ ಘಾಟಿ ಇಲ್ಲ. 1994ರಲ್ಲಿ ಪೂರ್ಣಗೊಂಡ ಮಲೇಷ್ಯಾದ ಉತ್ತರ-ದಕ್ಷಿಣ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 110 ಕಿ.ಮೀ.ವರೆಗೆ ಅನುಮತಿ ಇದೆ. ಅಲ್ಲಿ ಅಡ್ಡ ಬರುವುದು ಗಡಿ. ಜೊಹೋರ್ ಜಲಸಂಧಿಯ ಮೇಲೆ 1920ರ ದಶಕದಲ್ಲಿ ಕಟ್ಟಿದ ಹಳೆಯ ಸೇತುಮಾರ್ಗ ಒಂದು ಕಿಲೋಮೀಟರಿಗಿಂತ ಸ್ವಲ್ಪ ಉದ್ದ, ಅಷ್ಟೇ. 1998ರಲ್ಲಿ ತುವಾಸ್ ಬಳಿ ಎರಡನೆಯ ಸೇತುವೆಯೂ ಆಯಿತು. ಆದರೆ ಬಸ್ಸಿನಿಂದ ಇಳಿದು ಸಿಂಗಪುರದ ತಪಾಸಣೆ ಮುಗಿಸಿ, ಮತ್ತೆ ಬಸ್ಸು ಹತ್ತಿ, ಸೇತುವೆ ದಾಟಿ, ಮತ್ತೆ ಇಳಿದು ಮಲೇಷ್ಯಾದ ತಪಾಸಣೆಗೆ ನಿಲ್ಲಬೇಕು. ವಾರಾಂತ್ಯದಲ್ಲಿ, ಶಾಲೆಗಳ ರಜೆಯ ದಿನಗಳಲ್ಲಿ ಆ ಒಂದು ಕಿಲೋಮೀಟರಿಗೆ ಎರಡು ಮೂರು ಗಂಟೆ ಹಿಡಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಬಸ್ಸಿಗೆ ಐದರಿಂದ ಆರು ಗಂಟೆ.

ಎಂದರೆ ನಾನು ವಿಮಾನದಲ್ಲಿ ಕಳೆದ ಅವಧಿಗೂ ಬಸ್ಸಿನ ಅವಧಿಗೂ ವ್ಯತ್ಯಾಸವೇ ಇಲ್ಲ. ಜುರಾಂಗ್‌ನಿಂದ ತುವಾಸ್ ಸೇತುವೆಗೆ ಅರ್ಧ ಗಂಟೆಯೂ ಬೇಡ. ಅಂದು ಚಾಂಗಿಗೆ ಹೋಗುವ ಬದಲು ನೇರವಾಗಿ ಬಾಡಿಗೆ ಕಾರಿನಲ್ಲಿ ಹೊರಟಿದ್ದರೆ ಸುಮಾರು ಐದು ಗಂಟೆಯಲ್ಲಿ ಷಾ ಆಲಂ ಸೇರಬಹುದಾಗಿತ್ತು. ಮಲೇಷ್ಯಾಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಮುಕ್ಕಾಲು ಗಂಟೆ ಪ್ರಯಾಣ ಮಾಡಿ, ಆಮೇಲೆ ಮಲೇಷ್ಯಾಕ್ಕೆ ಹಾರಿದ ಬುದ್ಧಿವಂತ ನಾನು. ವಿಮಾನದ ಪರವಾಗಿಯೂ ಒಂದು ಮಾತು ಹೇಳಬೇಕು. ಕೆಲಸ ಸಿಂಗಪುರದ ನಡುವೆ ಅಥವಾ ಪೂರ್ವ ಭಾಗದಲ್ಲಿದ್ದು, ಕೈಚೀಲವೊಂದೇ ಇದ್ದು, ಹೋಗಬೇಕಾದ್ದು ಕ್ವಾಲಾಲಂಪುರದ ರೈಲು ನಿಲ್ದಾಣದ ಸಮೀಪದ ಕಚೇರಿಯಾದರೆ, ನಾಲ್ಕು ಗಂಟೆಯೊಳಗೆ ತಲುಪಬಹುದು. ಮಾದರಿಗಳ ಪೆಟ್ಟಿಗೆ ಹೊತ್ತು ಕಾರ್ಖಾನೆಗೆ ಹೋಗುವ ನಮ್ಮಂಥವರಿಗೆ ಅದು ಅನ್ವಯಿಸುವುದಿಲ್ಲ.

ಟಿಕೆಟು ಅಗ್ಗವಾದರೆ, ವಿಮಾನಗಳು ಹೆಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಒಂದು ಕಾಲದಲ್ಲಿತ್ತು. 1972ರಲ್ಲಿ ಜಂಟಿ ವಿಮಾನ ಸಂಸ್ಥೆ ಒಡೆದು ಸಿಂಗಪುರ ಏರ್‌ಲೈನ್ಸ್ ಮತ್ತು ಮಲೇಷ್ಯಾ ಏರ್‌ಲೈನ್ಸ್ ಆದ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಈ ಹಾದಿ ಬಹುಮಟ್ಟಿಗೆ ಅವೆರಡರ ಹಿಡಿತದಲ್ಲಿಯೇ ಇತ್ತು. 2008ರ ಫೆಬ್ರವರಿಯಲ್ಲಿ ಅಗ್ಗದ ದರದ ಕಂಪನಿಗಳಿಗೆ ಅವಕಾಶ ದೊರೆಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ನಿರ್ಬಂಧಗಳು ತೆರವಾದವು. ದರ ಇಳಿಯಿತು, ಸಂಖ್ಯೆ ಏರಿತು. 2018ರ ಫೆಬ್ರವರಿಗೆ ಕೊನೆಗೊಂಡ ಹನ್ನೆರಡು ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಹಾರಾಟಗಳು, ದಿನಕ್ಕೆ ಸರಾಸರಿ 84, ನಡೆದು ಇದು ಜಗತ್ತಿನಲ್ಲಿಯೇ ಅತ್ಯಂತ ನಿಬಿಡವಾದ ಅಂತಾರಾಷ್ಟ್ರೀಯ ವಾಯುಮಾರ್ಗವೆನಿಸಿತು. ಒಂದು ವಿಮಾನ ತಪ್ಪಿದರೆ ಇನ್ನೊಂದು ಬೇಗ ಸಿಗುವುದು ದೊಡ್ಡ ಅನುಕೂಲವೇ ಸರಿ. ಆದರೆ ಬಾಗಿಲಿನಿಂದ ಬಾಗಿಲಿಗಿನ ವೇಳೆ ಕಡಿಮೆಯಾಯಿತೇ? ಸೆಪಾಂಗ್‌ನಲ್ಲಿ ಅಗ್ಗದ ವಿಮಾನಗಳಿಗೆಂದು 2006ರಲ್ಲಿ ತೆರೆದ ಟರ್ಮಿನಲ್‌ಗೆ, 2014ರ ಮೇ ತಿಂಗಳಲ್ಲಿ ಹೊಸ ಟರ್ಮಿನಲ್ ಬರುವ ತನಕ, ರೈಲಿನ ಸಂಪರ್ಕವೇ ಇರಲಿಲ್ಲ. ಟಿಕೆಟಿನಲ್ಲಿ ಉಳಿದ ಹಣದ ಒಂದು ಭಾಗ ಬಸ್ಸಿನಲ್ಲಿ ಕಳೆದ ಸಮಯಕ್ಕೆ ಸಂದುಹೋಗುತ್ತಿತ್ತು.

ಈ ರೋಗಕ್ಕೆ ಸರಿಯಾದ ಮದ್ದನ್ನು ಆ ಎರಡು ಸರ್ಕಾರಗಳು ಗುರುತಿಸಿದ್ದವು ಎಂಬುದೇ ಈ ಕಥೆಯ ದುಃಖಕರ ಭಾಗ. 2013ರಲ್ಲಿ ಘೋಷಣೆಯಾಗಿ 2016ರ ಡಿಸೆಂಬರಿನಲ್ಲಿ ಒಪ್ಪಂದವಾದ ಅತಿವೇಗದ ರೈಲು ಯೋಜನೆಯಲ್ಲಿ 350 ಕಿ.ಮೀ. ದಾರಿಯನ್ನು 90 ನಿಮಿಷಗಳಲ್ಲಿ ಕ್ರಮಿಸುವ ಉದ್ದೇಶವಿತ್ತು. ಸಿಂಗಪುರದ ಕೊನೆಯ ನಿಲ್ದಾಣವಾಗಿ ಗೊತ್ತುಮಾಡಿದ್ದು ಜುರಾಂಗ್ ಈಸ್ಟ್ ಎಂಬುದನ್ನು ಓದಿದಾಗ ನನಗೆ ನನ್ನ ಟ್ಯಾಕ್ಸಿ ನೆನಪಾಯಿತು. ಆದರೆ ಆ ಯೋಜನೆಯ ನಿಜವಾದ ಮಹತ್ವವಿದ್ದುದು ವೇಗದಲ್ಲಲ್ಲ. ಹೊರಡುವ ನಿಲ್ದಾಣದಲ್ಲಿಯೇ ಎರಡೂ ದೇಶಗಳ ಅಧಿಕಾರಿಗಳು ಅಕ್ಕಪಕ್ಕ ಕುಳಿತು ತಪಾಸಣೆ ಮುಗಿಸಿಬಿಡುವುದು, ಇಳಿದವನು ನೇರವಾಗಿ ಬೀದಿಗೆ ನಡೆದುಹೋಗುವುದು ಎಂಬ ಏರ್ಪಾಡಿನಲ್ಲಿ ಅದು ಇತ್ತು. ವೆಚ್ಚದ ಕಾರಣದಿಂದ 2018ರಲ್ಲಿ ಮಲೇಷ್ಯಾ ಅದನ್ನು ಮುಂದೂಡಿತು. 2021ರ ಮೊದಲ ದಿನ ಯೋಜನೆ ರದ್ದಾಯಿತೆಂದು ಉಭಯ ದೇಶಗಳು ಘೋಷಿಸಿದವು. ಸಿಂಗಪುರಕ್ಕೆ ಮಲೇಷ್ಯಾ 10.28 ಕೋಟಿ ಸಿಂಗಪುರ ಡಾಲರ್ ಪರಿಹಾರ ತೆತ್ತಿತು. 2023ರಲ್ಲಿ ಖಾಸಗಿಯವರಿಂದ ಹೊಸ ಪ್ರಸ್ತಾವಗಳನ್ನು ಕರೆದಾಗ ಮತ್ತೆ ಮಾತು ಆರಂಭವಾಯಿತು.

ಇದರ ತಮ್ಮನೆನ್ನಬಹುದಾದ ಸಣ್ಣ ಯೋಜನೆಯೊಂದು ಮಾತ್ರ ಉಳಿದುಕೊಂಡಿತು. ಜೊಹೋರ್ ಬಾರು ನಗರದಿಂದ ಸಿಂಗಪುರದ ವುಡ್‌ಲ್ಯಾಂಡ್ಸ್ ನಾರ್ತ್‌ವರೆಗೆ ಕೇವಲ 4 ಕಿ.ಮೀ. ಉದ್ದದ ರೈಲು, 2026ರ ಅಂತ್ಯವನ್ನು ಗುರಿಯಾಗಿಟ್ಟುಕೊಂಡು ಕಟ್ಟಲು ತೊಡಗಿದ್ದು. ಓಟ ಐದು ನಿಮಿಷದ್ದು, ಗಂಟೆಗೆ ಒಂದೊಂದು ದಿಕ್ಕಿನಲ್ಲಿ 10 ಸಾವಿರ ಪ್ರಯಾಣಿಕರ ಸಾಮರ್ಥ್ಯ. ಇಲ್ಲಿಯೂ ತಪಾಸಣೆ ಒಂದೇ ಕಡೆ. ನನ್ನ ದೃಷ್ಟಿಯಲ್ಲಿ 350 ಕಿ.ಮೀ. ರೈಲಿನ ದೊಡ್ಡ ಪಾಲು ಲಾಭ ಈ 4 ಕಿ.ಮೀ.ಯಲ್ಲಿಯೇ ಅಡಗಿದೆ, ಏಕೆಂದರೆ ಕಾಲ ವ್ಯರ್ಥವಾಗುತ್ತಿದ್ದುದು ಹೆದ್ದಾರಿಯಲ್ಲಲ್ಲ, ಮೇಜಿನ ಮುಂದೆ.

ಸರಕಿನ ವಿಚಾರದಲ್ಲಿಯೂ ಇದೇ ತಪ್ಪು ನಡೆಯುತ್ತಿರುವುದನ್ನು ಕಾಣುತ್ತೇನೆ. ಸಿಂಗಪುರದ ಗೋದಾಮಿನಲ್ಲಿ ಮಾಲು ಇದೆ, ಕ್ವಾಲಾಲಂಪುರಕ್ಕೆ ಒಂದು ಗಂಟೆಯ ಹಾರಾಟ, ಇಂದು ಕಳುಹಿಸಿದರೆ ಇಂದೇ ಮುಟ್ಟುತ್ತದೆ ಎಂದು ಪತ್ರದಲ್ಲಿ ಬರೆದು ಒಪ್ಪಿಕೊಳ್ಳುವವರಿದ್ದಾರೆ. ವಿಮಾನ ಹೊರಡುವುದಕ್ಕೆ ಹಲವು ಗಂಟೆ ಮೊದಲೇ ಸರಕನ್ನು ಒಪ್ಪಿಸಬೇಕು. ಈ ಹಾದಿಯಲ್ಲಿ ಓಡುವ ವಿಮಾನಗಳು ಬಹುಪಾಲು ಚಿಕ್ಕವು, ಪ್ರಯಾಣಿಕರ ಲಗೇಜು ತುಂಬಿದ ಮೇಲೆ ಉಳಿಯುವ ಜಾಗ ಅಲ್ಪ. ಆದ್ದರಿಂದ ಈ ಎರಡು ಊರುಗಳ ನಡುವಿನ ಸರಕು ಹೆಚ್ಚಾಗಿ ಲಾರಿಯಲ್ಲಿಯೇ ಹೋಗುತ್ತದೆ. ಅನುಭವಿ ಸಾಗಣೆ ಏಜೆಂಟರು ಕೇಳದಿದ್ದರೂ ಲಾರಿಯನ್ನೇ ಸೂಚಿಸುತ್ತಾರೆ, ಅದು ಸರಿಯಾದ ಸಲಹೆ. ಲಾರಿಯ ವೇಳೆಯನ್ನೂ ನಿರ್ಧರಿಸುವುದು ಕಾಗದಪತ್ರ. ಸಿಂಗಪುರ 1989ರಲ್ಲಿಯೇ ಟ್ರೇಡ್‌ನೆಟ್ ಎಂಬ ವ್ಯವಸ್ಥೆಯಿಂದ ರಫ್ತು ಆಮದು ಅನುಮತಿಗಳನ್ನು ಗಣಕದ ಮೂಲಕ ಕೊಡತೊಡಗಿ, ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ನಿಮಿಷಗಳಿಗೆ ಇಳಿಸಿತು. ಹೊಸ ರನ್‌ವೇ ಕಟ್ಟಿದ್ದರೂ ಇಷ್ಟು ಸಮಯ ಉಳಿಯುತ್ತಿರಲಿಲ್ಲ. ನಮ್ಮ ಕಡೆಯಿಂದ ಪಟ್ಟಿಯಲ್ಲಿ ಒಂದು ಸಂಕೇತ ಸಂಖ್ಯೆ ತಪ್ಪಿದರೆ ಆ ಉಳಿತಾಯವೆಲ್ಲ ಸೇತುವೆಯ ಈಚೆಗೇ ಕರಗಿಹೋಗುತ್ತದೆ.

ನಮ್ಮವರು ಈಗ ಮಾಡಬಹುದಾದದ್ದೇನು? ಎರಡು ನಗರಗಳಲ್ಲಿ ಒಂದೇ ದಿನ ಎರಡು ಭೇಟಿಗಳನ್ನು ಒಪ್ಪಿಕೊಳ್ಳಲೇಬಾರದು ಎಂಬುದು ನಾನು ಈಗ ಪಾಲಿಸುವ ನಿಯಮ. ಹೋಗುವುದು ಸಿಂಗಪುರಕ್ಕೆ, ಮರಳುವುದು ಕ್ವಾಲಾಲಂಪುರದಿಂದ ಎಂದು ಟಿಕೆಟು ತೆಗೆದುಕೊಂಡರೆ ಮತ್ತೆ ಸಿಂಗಪುರಕ್ಕೆ ಬರುವ ಅರ್ಧ ದಿನ ಉಳಿಯುತ್ತದೆ. ಬೆಂಗಳೂರಿನಿಂದ ಸಿಂಗಪುರ ಸುಮಾರು 3,200 ಕಿ.ಮೀ., ಕ್ವಾಲಾಲಂಪುರ ಸುಮಾರು 2,900 ಕಿ.ಮೀ., ಎರಡಕ್ಕೂ ಹಾರಾಟ ನಾಲ್ಕರಿಂದ ನಾಲ್ಕೂವರೆ ಗಂಟೆಯದೇ. ಹೋಗಿ ಬರುವ ಟಿಕೆಟು ಒಂದೇ ಊರಿನದಾದರೆ ಅಗ್ಗವೆಂದು ಹೇಳುವ ಏಜೆಂಟರು ನಡುವಿನ ಟಿಕೆಟು, ಟ್ಯಾಕ್ಸಿ, ಒಂದು ರಾತ್ರಿಯ ಹೋಟೆಲು ಇವನ್ನು ಕೂಡಿಸಿ ತೋರಿಸುವುದಿಲ್ಲ. ವೀಸಾದ ವಿಚಾರದಲ್ಲಿ, 2012ರಲ್ಲಿ ನಾನು ಎರಡಕ್ಕೂ ಅರ್ಜಿ ಹಾಕಬೇಕಾಗಿತ್ತು. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಮಲೇಷ್ಯಾ 30 ದಿನಗಳ ವಿನಾಯಿತಿ ಕೊಟ್ಟು, ಅನಂತರ ಅದನ್ನು 2026ರ ಅಂತ್ಯದವರೆಗೆ ವಿಸ್ತರಿಸಿತು. ಸಿಂಗಪುರಕ್ಕೆ ವೀಸಾ ಬೇಕೇ ಬೇಕು. ಎರಡೂ ದೇಶಗಳಿಗೆ ಆಗಮನದ ಮಾಹಿತಿಯನ್ನು ಪ್ರಯಾಣಕ್ಕೆ ಮೂರು ದಿನಗಳ ಒಳಗೆ ಗಣಕದಲ್ಲಿ ತುಂಬಬೇಕು. ಇದನ್ನು ಮರೆತು ಸಾಲಿನ ತುದಿಯಲ್ಲಿ ನಿಂತು ಮೊಬೈಲಿನಲ್ಲಿ ತುಂಬುವವರನ್ನು ಪ್ರತಿ ಬಾರಿಯೂ ಕಾಣುತ್ತೇನೆ, ಅವರಲ್ಲಿ ನಮ್ಮವರೇ ಹೆಚ್ಚು. ಗಡಿಯಾರದ ತೊಡಕು ಮಾತ್ರ ಇಲ್ಲ: 1982ರಿಂದ ಎರಡೂ ನಗರಗಳದು ಒಂದೇ ಕಾಲಮಾನ, ನಮಗಿಂತ ಎರಡೂವರೆ ಗಂಟೆ ಮುಂದೆ.

ವಾಣಿಜ್ಯ ಸಂಸ್ಥೆಗಳು ಏರ್ಪಡಿಸುವ ನಿಯೋಗಗಳ ಬಗೆಗೂ ಒಂದು ಮಾತು. ಹಲವು ಸಂಸ್ಥೆಗಳ ಕಾರ್ಯಕ್ರಮ ಪಟ್ಟಿಗಳನ್ನು ಇತ್ತೀಚಿನ ವರ್ಷಗಳಲ್ಲಿ ನೋಡಿದ್ದೇನೆ. "ಬೆಳಗ್ಗೆ ಸಿಂಗಪುರದಲ್ಲಿ ಉಪಾಹಾರ, ಮಧ್ಯಾಹ್ನ ಕ್ವಾಲಾಲಂಪುರದಲ್ಲಿ ಖರೀದಿದಾರರ ಸಭೆ" ಎಂಬ ಸಾಲು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೂವತ್ತು ಜನರ ತಂಡ, ಮೂವತ್ತು ಪೆಟ್ಟಿಗೆ, ಒಂದು ಬಸ್ಸು ಎಂದಾಗ ನನ್ನೊಬ್ಬನ ಆರು ಗಂಟೆ ಏಳಾಗದೆ ಇರದು. ಅತಿಥೇಯರು ಕಾದು ಬೇಸತ್ತು ಹೊರಟುಹೋದ ಸಭಾಂಗಣದಲ್ಲಿ ನಮ್ಮವರು ಪರಸ್ಪರ ವಿಸಿಟಿಂಗ್ ಕಾರ್ಡು ಹಂಚಿಕೊಂಡು ಬಂದ ಉದಾಹರಣೆ ಇದೆ. ಸದಸ್ಯರು ತಲಾ ಲಕ್ಷಕ್ಕೂ ಮಿಕ್ಕಿ ಖರ್ಚು ಮಾಡಿ ಹೋಗುವಾಗ ಒಂದು ರಾತ್ರಿ ಹೆಚ್ಚಿಗೆ ಉಳಿಸಿ, ಸಭೆಯನ್ನು ಮರುದಿನ ಬೆಳಗ್ಗೆಗೆ ಇಟ್ಟರೆ ಆಗುವ ಹೆಚ್ಚುವರಿ ವೆಚ್ಚ ಏನೇನೂ ಅಲ್ಲ. ಮುಂದಿನ ನಿಯೋಗದ ಕಾರ್ಯಕ್ರಮ ಪಟ್ಟಿಯಲ್ಲಿ ವಿಮಾನದ ಸಮಯದ ಪಕ್ಕದಲ್ಲಿ ಬಾಗಿಲಿನಿಂದ ಬಾಗಿಲಿಗೆ ಹಿಡಿಯುವ ಸಮಯಕ್ಕೂ ಒಂದು ಅಂಕಣ ಇರಬೇಕೆಂದು ನಮ್ಮ ಪ್ರವಾಸ ಉಪಸಮಿತಿಯಲ್ಲಿ ಕೇಳಿಕೊಂಡಿದ್ದೇನೆ. 2012ರಿಂದೀಚಿನ ನನ್ನ ಪ್ರವಾಸಗಳ ವೇಳೆಯ ಲೆಕ್ಕವನ್ನು, ಟ್ಯಾಕ್ಸಿ ಹತ್ತಿದ ಹೊತ್ತಿನಿಂದ ಕಾರ್ಖಾನೆಯ ಬಾಗಿಲು ಸೇರಿದ ಹೊತ್ತಿನವರೆಗೆ, ಒಂದು ಹಾಳೆಯಲ್ಲಿ ಬರೆದು ಕಾರ್ಯಾಲಯಕ್ಕೆ ಒಪ್ಪಿಸಿದ್ದೇನೆ. ಹೊರಡುವ ಮುನ್ನ ಸದಸ್ಯರು ಅದನ್ನು ಅಲ್ಲಿ ಕೇಳಿ ನೋಡಬಹುದು.